ನಮ್ಮೂರ ಅಂಗಡಿ ಬೀದಿ, ನಮ್ಮೆಲ್ಲರ ಬದುಕು



ಉಳಿತಾಯ, ಸಾಲ, ಮರುಪಾವತಿ ಇವುಗಳ ಬಗ್ಗೆ ನಮ್ಮ ಸಂಘಗಳಲ್ಲಿ ಬೇಕಾದಷ್ಟು ಪಾಠ ಆಗಿದೆ. ಸಾಲ ಪಡೆದು ಹೂವು, ಸೊಪ್ಪು, ತರಕಾರಿ ಮಾರುವವರು, ಹೊಲಿಗೆ ಮೆಷಿನ್ ಇಟ್ಟವರು, ಚಿಲ್ಲರೆ ಅಂಗಡಿ ತೆರೆದವರು, ಬೆಳಿಗ್ಗೆ ಇಡ್ಲಿ ಹಾಕುವವರು ನಿಮ್ಮಲ್ಲಿ ಅನೇಕರಿದ್ದೀರಿ. ಆದರೆ ಜಡಿಗೇನಹಳ್ಳಿಯಂಥ ಊರುಗಳ ಸಭೆಗೆ ಹೋದಾಗಲೆಲ್ಲ ನಾವು ಕೇಳುವ ಒಂದು ಮಾತಿದೆ: "ಸಾಲ ಸಿಕ್ತು ಸಿಸ್ಟರ್, ಗಿರಾಕಿ ಸಿಗ್ತಿಲ್ಲ. ಎಲ್ಲಾ ಬಸ್ಸು ಹತ್ತಿ ಹೊಸಕೋಟೆಗೆ ಹೋಗ್ತಾರೆ."

ಈ ಮಾತನ್ನೇ ಇಟ್ಟುಕೊಂಡು ಈ ಪಾಠ ಶುರು ಮಾಡೋಣ.

ಗಿರಾಕಿ ಏನು ನೋಡುತ್ತಾರೆ?

ನಾವು ವ್ಯಾಪಾರಕ್ಕೆ ಕೂತಾಗ ನಮ್ಮ ಅಂಗಡಿ ಮುಂದೆ ಮಾತ್ರ ಗುಡಿಸಿ, ನೀರು ಹಾಕಿ, ರಂಗೋಲಿ ಇಡುತ್ತೇವೆ. ಗುಡಿಸಿದ ಕಸ ಪಕ್ಕದ ಅಂಗಡಿ ಮುಂದೆ ಹೋದರೂ ಚಿಂತೆಯಿಲ್ಲ! ಆದರೆ ಗಿರಾಕಿ ಒಂದು ಅಂಗಡಿ ನೋಡಿ ಬರುವುದಿಲ್ಲ, ಇಡೀ ಬೀದಿ ನೋಡಿ ಬರುತ್ತಾರೆ. ಮಗು ಎತ್ತಿಕೊಂಡು ಬಂದ ತಾಯಿಗೆ ನಿಲ್ಲಲು ನೆರಳಿದೆಯಾ, ಸಂಜೆ ಏಳರ ಮೇಲೆ ಬೆಳಕಿದೆಯಾ, ಚರಂಡಿ ನಾತ ಇದೆಯಾ, ಹೆಂಗಸರಿಗೆ ಶೌಚಾಲಯ ಇದೆಯಾ, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು, ಕುಡುಕರ ಕಾಟ ಇದೆಯಾ, ಇವನ್ನೆಲ್ಲ ನೋಡಿಯೇ ಅವರು ನಿಲ್ಲುತ್ತಾರೆ ಅಥವಾ ಮುಂದೆ ಹೋಗುತ್ತಾರೆ. ಇವುಗಳಲ್ಲಿ ಒಂದನ್ನೂ ಒಬ್ಬ ಅಂಗಡಿಯವಳು ಒಬ್ಬಳೇ ಸರಿಪಡಿಸಲಾರಳು. ಎಲ್ಲರೂ ಸೇರಿದರೆ ಬಹಳಷ್ಟನ್ನು ಸರಿಪಡಿಸಬಹುದು.

ಪಕ್ಕದ ಅಂಗಡಿಯವರು ನಮ್ಮ ಎದುರಾಳಿ ಅಂತ ನಾವು ತಿಳಿದಿದ್ದೇವೆ. ಸಂತೆಯನ್ನು ನೆನೆಸಿಕೊಳ್ಳಿ. ಸಂತೆಗೆ ಜನ ಬರುವುದು ಯಾಕೆ? ಅಲ್ಲಿ ಹತ್ತು ಜನ ತರಕಾರಿಯವರು, ಐದು ಜನ ಬಟ್ಟೆಯವರು, ನಾಲ್ಕು ಜನ ಬಳೆಯವರು ಒಂದೇ ದಿನ, ಒಂದೇ ಜಾಗದಲ್ಲಿ ಸಿಗುತ್ತಾರೆ ಅಂತ. ಒಬ್ಬರೇ ಕೂತರೆ ಅದು ಸಂತೆಯಾಗುವುದಿಲ್ಲ.

ನಮ್ಮ ಸುತ್ತಲಿನ ಉದಾಹರಣೆಗಳು

ದೂರ ಹೋಗುವುದು ಬೇಡ, ನಮ್ಮ ಹೊಸಕೋಟೆಯನ್ನೇ ನೋಡಿ. ಬೆಳಗಿನ ಜಾವ ಕತ್ತಲಿರುವಾಗಲೇ ಬೆಂಗಳೂರಿನಿಂದ ಜನ ಗಾಡಿ ಹಾಕಿಕೊಂಡು ಬಂದು ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತಾರೆ. ಒಂದು ತಿನಿಸಿನಿಂದ ಒಂದು ಊರಿಗೆ ಹೆಸರು ಬಂತು. ಆದರೆ ತಿಂದವರು ಕೈ ತೊಳೆದು ಹಾಗೇ ವಾಪಸ್ ಹೋದರೆ, ಬಿರಿಯಾನಿ ಹೋಟೆಲಿನವರನ್ನು ಬಿಟ್ಟು ಊರಿನ ಉಳಿದವರಿಗೆ ಏನು ಸಿಕ್ಕಿತು? ಹೆಸರು ಬಂದರೆ ಸಾಲದು, ಬಂದವರು ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಯುವಂತಿರಬೇಕು.

ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಸುಮಾರು 2000ದ ಹೊತ್ತಿನಿಂದ ಪ್ರತಿ ವರ್ಷ ಚಳಿಗಾಲದಲ್ಲಿ ಅವರೆಬೇಳೆ ಮೇಳ ನಡೆಯುತ್ತಾ ಬಂತು. ಶುರು ಮಾಡಿದ್ದು ಅಲ್ಲಿನ ಒಂದು ಕುರುಕು ತಿಂಡಿ ಅಂಗಡಿ, ವಾಸವಿ ಕಾಂಡಿಮೆಂಟ್ಸ್. ಮಾಗಡಿ ಕಡೆಯ ರೈತರ ಸೊಗಡು ಅವರೆಕಾಯಿಗೆ ಅಲ್ಲಿ ಬೇಡಿಕೆ ಬಂತು. ಹಿತಕಿದ ಬೇಳೆ ಮಾಡುವುದು ಎಷ್ಟು ಕೈ ಹಿಡಿಯುವ ಕೆಲಸ ಅಂತ ನಿಮಗೆ ಗೊತ್ತು, ಅದರಿಂದ ಹೆಂಗಸರಿಗೆ ಕೂಲಿ ಸಿಕ್ಕಿತು. ಮೇಳಕ್ಕೆ ಬಂದವರು ಪಕ್ಕದ ಅಂಗಡಿಗಳಲ್ಲೂ ತಿಂದರು. ಆದರೆ ವರ್ಷ ವರ್ಷ ಜನ ಹೆಚ್ಚಾಗಿ, ಬೀದಿ ಸಾಲದೆ, 2023ರಲ್ಲಿ ಮೇಳವನ್ನು ನ್ಯಾಷನಲ್ ಕಾಲೇಜು ಮೈದಾನಕ್ಕೆ ಸಾಗಿಸಬೇಕಾಯಿತು. ಜನರನ್ನು ಕರೆಯುವ ಮೊದಲು ಗಾಡಿ ಎಲ್ಲಿ, ಕಸ ಎಲ್ಲಿ, ಅಲ್ಲಿ ವಾಸವಿರುವವರ ಗತಿ ಏನು ಅಂತಲೂ ಯೋಚಿಸಬೇಕು ಎಂಬುದು ಇದರ ಪಾಠ.

ಬಸವನಗುಡಿಯ ಕಡಲೆಕಾಯಿ ಪರಿಷೆ ಇನ್ನೂ ಹಳೆಯದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಂದರೆ ಸಾಕು, ಯಾರೂ ಚೀಟಿ ಹಂಚಬೇಕಿಲ್ಲ. ದಿನ ಗಟ್ಟಿ, ಜಾಗ ಗಟ್ಟಿ, ಸಿಗುವ ಪದಾರ್ಥ ಗಟ್ಟಿ. ಈ ಮೂರು ಗಟ್ಟಿಯಾದರೆ ಪ್ರಚಾರ ಜನರ ಬಾಯಲ್ಲೇ ನಡೆಯುತ್ತದೆ.

ದೂರದ ಒಂದು ಕಥೆ

ಈಗ ಹೊಸಕೋಟೆಯಿಂದ ಚೆನ್ನೈಗೆ ಎಕ್ಸ್‌ಪ್ರೆಸ್ ಹೆದ್ದಾರಿ ಶುರುವಾಗುತ್ತದೆ. ಅದರ ಕರ್ನಾಟಕದ ಭಾಗದಲ್ಲಿ 2024ರ ಕೊನೆಯಿಂದ ವಾಹನಗಳು ಓಡಾಡತೊಡಗಿವೆ. ಅಂಥ ರಸ್ತೆಯಲ್ಲಿ ಹೋಗುವವರು ನಡುವೆ ಎಲ್ಲೂ ಇಳಿದು ಟೀ ಕುಡಿಯುವುದಿಲ್ಲ, ಹೂ ಕೊಳ್ಳುವುದಿಲ್ಲ.

ಇಂಥದೇ ಕಷ್ಟ ಕೆನಡಾ ದೇಶದ ಟೊರಾಂಟೊ ನಗರದ ಬ್ಲೂರ್ ಬೀದಿಯ ಅಂಗಡಿಯವರಿಗೆ 1960ರ ದಶಕದಲ್ಲಿ ಬಂತು. ಬೀದಿಯ ಮೇಲೆ ಓಡುತ್ತಿದ್ದ ಟ್ರಾಮ್ ನಿಂತು, ನೆಲದೊಳಗೆ ರೈಲು ಬಂತು. ಜನ ಅಂಗಡಿಗಳನ್ನು ನೋಡದೆಯೇ ಕೆಳಗಿನಿಂದ ಹೋಗತೊಡಗಿದರು. ಊರಾಚೆ ದೊಡ್ಡ ಮಾಲ್‌ಗಳೂ ಎದ್ದವು. ಅಂಗಡಿಯವರು ಸೇರಿ ಬೀದಿ ಸರಿ ಮಾಡೋಣ ಅಂದುಕೊಂಡರು. ಆದರೆ ಕೆಲವರು ದುಡ್ಡು ಕೊಟ್ಟರೆ ಲಾಭ ಎಲ್ಲರಿಗೂ, ಕೊಡದವರಿಗೂ! ನಮ್ಮಲ್ಲೂ ಹೀಗೇ ಆಗುತ್ತದೆ ಅಲ್ವಾ? ಕೊನೆಗೆ 1970ರಲ್ಲಿ ಒಂದು ಏರ್ಪಾಡು ಆಯಿತು. ಆ ಬೀದಿಯ ವ್ಯಾಪಾರಿಗಳೆಲ್ಲರೂ ತಮ್ಮ ಪಾಲು ಕೊಡಲೇಬೇಕು. ಅದನ್ನು ನಗರಾಡಳಿತವೇ ತೆರಿಗೆಯ ಜೊತೆ ವಸೂಲಿ ಮಾಡಿ, ಅಂಗಡಿಯವರ ಸಮಿತಿಗೆ ಕೊಡುತ್ತದೆ. ಸಮಿತಿ ಅದರಿಂದ ದೀಪ, ಗಿಡ, ಕೂರುವ ಬೆಂಚು, ಹಬ್ಬದ ಅಲಂಕಾರ ಮಾಡಿಸುತ್ತದೆ. ಜಗತ್ತಿನಲ್ಲಿ ಇದೇ ಮೊದಲನೆಯದು. ಆಮೇಲೆ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಿಗೂ ಈ ಪದ್ಧತಿ ಹಬ್ಬಿತು.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕ್‌ನಂಥ ನಗರಗಳಲ್ಲಿ ಇಂಥ ಅಂಗಡಿ ಕೂಟಗಳಿಗೂ ಬೀದಿ ಬದಿ ಮಾರುವ ಬಡವರಿಗೂ ಜಗಳ ಆಗಿದೆ. ಬೀದಿ ಚೆಂದ ಮಾಡುವಾಗ ಮೊದಲು ಕಣ್ಣಿಗೆ ಚುಚ್ಚುವುದು ಬಡವರ ಬುಟ್ಟಿ. ಇದು ಅಲ್ಲಿಯ ಕಥೆ ಮಾತ್ರವಲ್ಲ.

ನಾವು ಕಲಿತ ಪಾಠ

ನಾವು ಹಿಂದೆ ಕೆಲಸ ಮಾಡಿದ ಒಂದು ಊರು. ಹೆಸರು ಬೇಡ. ಅಲ್ಲಿನ ವ್ಯಾಪಾರಿಗಳು ಮುಖಂಡರ ಜೊತೆ ಸೇರಿ ಸರ್ಕಲ್ ಸರಿ ಮಾಡಿಸಿದರು. ಸಿಮೆಂಟ್ ಆಯಿತು, ದೊಡ್ಡ ದೀಪ ಬಂತು. ಉದ್ಘಾಟನೆಗೆ ನಮ್ಮ ಸಂಘದ ಮಹಿಳೆಯರನ್ನೂ ಕರೆದರು, ನಾವು ಹೋಗಿ ಚಪ್ಪಾಳೆ ತಟ್ಟಿ ಬಂದೆವು. ಮಾರನೇ ದಿನ ಸೊಪ್ಪು, ಹೂವು ಮಾರುತ್ತಿದ್ದ ನಮ್ಮದೇ ಸದಸ್ಯೆಯರಿಗೆ "ಇಲ್ಲಿ ಕೂರಬೇಡಿ, ಹಿಂದುಗಡೆ ಹೋಗಿ" ಅಂದರು. ಹಿಂದುಗಡೆ ಅಂದರೆ ಗೋಡೆ ಮರೆ, ಯಾರೂ ಹೋಗದ ಜಾಗ. ಎರಡು ತಿಂಗಳಲ್ಲಿ ಅವರ ಸಾಲದ ಕಂತು ನಿಂತಿತು. ಒಬ್ಬಾಕೆ ಓಲೆ ಅಡವಿಟ್ಟು ಕಂತು ಕಟ್ಟಿದಳು.

ಆಮೇಲೆ ಅಂಗಡಿಯವರಿಗೂ ಅರ್ಥವಾಯಿತು. ಬೆಳಿಗ್ಗೆ ಸೊಪ್ಪಿಗೆ ಬರುತ್ತಿದ್ದವರೇ ಅವರ ಅಂಗಡಿಯಲ್ಲಿ ಹಾಲು, ಬ್ರೆಡ್ಡು, ಬೇಳೆ ತೆಗೆದುಕೊಳ್ಳುತ್ತಿದ್ದರು. ಸೊಪ್ಪಿನವಳು ಹೋದ ಮೇಲೆ ಆ ಗಿರಾಕಿಯೂ ಹೋದರು. ಬಹಳ ಮಾತುಕತೆ ಆಗಿ, ಬೆಳಿಗ್ಗೆ ಹತ್ತು ಗಂಟೆವರೆಗೆ ಒಂದು ಪಕ್ಕದಲ್ಲಿ ಕೂರಲು ಜಾಗ ಗುರುತು ಮಾಡಿಕೊಟ್ಟರು.

ಇಲ್ಲಿ ತಪ್ಪು ವ್ಯಾಪಾರಿಗಳದು ಮಾತ್ರ ಅಲ್ಲ, ನಮ್ಮದೂ ಇತ್ತು. ಉದ್ಘಾಟನೆಗೆ ಹೋದ ನಾವು, ಮೊದಲ ಸಭೆಗೆ ಯಾಕೆ ಹೋಗಲಿಲ್ಲ? ನಕ್ಷೆ ಹಾಕುವಾಗ "ಬುಟ್ಟಿಯವರ ಜಾಗ ಎಲ್ಲಿ?" ಅಂತ ಯಾಕೆ ಕೇಳಲಿಲ್ಲ? ಈ ಪಾಠದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು: ಬೀದಿ ಉದ್ಧಾರದ ಮೊದಲ ಸಭೆಯಲ್ಲೇ ಬುಟ್ಟಿಯವಳಿಗೂ ಜಾಗ ಇರಬೇಕು.

ಕಾನೂನು ಏನು ಹೇಳುತ್ತದೆ?

ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ ಕೇಂದ್ರ ಸರ್ಕಾರದ ಕಾಯಿದೆ 2014ರಲ್ಲಿ ಬಂತು. ಅದರಂತೆ ನಗರ, ಪಟ್ಟಣಗಳಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಹೊಸಕೋಟೆ ನಗರಸಭೆ ವ್ಯಾಪ್ತಿಯಲ್ಲಿ ಮಾರುವ ಸದಸ್ಯೆಯರು ಇದನ್ನು ತಿಳಿದಿರಬೇಕು.

ಜಡಿಗೇನಹಳ್ಳಿ ಹೋಬಳಿ ಕೇಂದ್ರವಾದರೂ ಗ್ರಾಮ ಪಂಚಾಯಿತಿಯ ಊರು. ಈ ಕಾಯಿದೆ ನಗರ, ಪಟ್ಟಣಗಳಿಗೆ ಮಾಡಿದ್ದು. ಆದರೆ ಪಟ್ಟಣದಲ್ಲಿ ನ್ಯಾಯವಾದದ್ದು ಹಳ್ಳಿಯಲ್ಲೂ ನ್ಯಾಯವೇ ಅಲ್ಲವೇ? ನಮಗೆ ವಾರ್ಡ್ ಸಭೆ, ಗ್ರಾಮ ಸಭೆ ಇವೆ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಬೀದಿ ದೀಪ, ಚರಂಡಿ, ಕುಡಿಯುವ ನೀರು, ನೈರ್ಮಲ್ಯ ಇವೆಲ್ಲ ಪಂಚಾಯಿತಿಯ ಜವಾಬ್ದಾರಿ. ಕೇಳುವುದು ನಮ್ಮ ಹಕ್ಕು. ಬಾಯಿ ಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಸಿ.

ಶುರು ಮಾಡುವುದು ಹೇಗೆ?

1. ನಡೆದು ನೋಡಿ. ಸಂಘದ ನಾಲ್ಕು ಜನ ಬೆಳಿಗ್ಗೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಎಷ್ಟು ಅಂಗಡಿ, ಎಷ್ಟು ಬುಟ್ಟಿ, ಎಷ್ಟು ತಳ್ಳುಗಾಡಿ, ಯಾವ ದೀಪ ಉರಿಯಲ್ಲ, ಎಲ್ಲಿ ಕಸದ ಗುಡ್ಡೆ, ಎಲ್ಲ ಬರೆದುಕೊಳ್ಳಿ.

2. ಎಲ್ಲರನ್ನೂ ಕೂಡಿಸಿ. ಕಿರಾಣಿ ಅಂಗಡಿಯಣ್ಣ, ಔಷಧಿ ಅಂಗಡಿಯವರು, ಹೋಟೆಲಿನವರು, ಹೂವಿನಕ್ಕ, ಆಟೋದವರು, ಎಲ್ಲರನ್ನೂ ಕರೆಯಿರಿ. ಜಾತಿ, ಧರ್ಮ, ಪಕ್ಷ ಹೊರಗಿರಲಿ. ಸಭೆಯನ್ನು ಹೆಂಗಸರು ಬರಲಾಗುವ ಹೊತ್ತಿಗೆ ಇಡಿ. ರಾತ್ರಿ ಒಂಬತ್ತಕ್ಕೆ ಇಟ್ಟರೆ ಗಂಡಸರೇ ತೀರ್ಮಾನ ಮಾಡಿಬಿಡುತ್ತಾರೆ.

3. ಒಂದೇ ಒಂದು ಚಿಕ್ಕ ಕೆಲಸ ಆರಿಸಿ. ಮೊದಲ ತಿಂಗಳೇ ಕಮಾನು, ಮೇಳ ಅಂತ ಹೊರಡಬೇಡಿ. ಎಲ್ಲರೂ ಒಂದೇ ಹೊತ್ತಿಗೆ ಗುಡಿಸಿ, ಹಸಿ ಕಸ ಒಣ ಕಸ ಬೇರೆ ಮಾಡಿ ಪಂಚಾಯಿತಿ ಗಾಡಿಗೆ ಕೊಡುವುದು, ಅಷ್ಟೇ ಸಾಕು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಎಷ್ಟೋ ಸಾಮಾನುಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಬಟ್ಟೆ ಚೀಲ ಹೊಲಿದುಕೊಡುವ ಕೆಲಸ ನಮ್ಮ ಟೈಲರಿಂಗ್ ಅಕ್ಕಂದಿರಿಗೆ ಸಿಗಲಿ.

4. ಹಣ ಮತ್ತು ಲೆಕ್ಕ. ಉದಾಹರಣೆಗೆ, 25 ಅಂಗಡಿಯವರು ತಿಂಗಳಿಗೆ 100 ರೂಪಾಯಿ, 10 ಬುಟ್ಟಿಯವರು 20 ರೂಪಾಯಿ ಹಾಕಿದರೆ ತಿಂಗಳಿಗೆ 2,700 ರೂಪಾಯಿ, ವರ್ಷಕ್ಕೆ 32,400 ರೂಪಾಯಿ. ಶಕ್ತಿಗೆ ತಕ್ಕ ಪಾಲು, ಆದರೆ ಮಾತಿಗೆ ಎಲ್ಲರೂ ಸಮ. ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸುಸ್ವಾಮಿ ಎಲ್ಲರಿಗಿಂತ ದೊಡ್ಡ ಕಾಣಿಕೆ ಎಂದು ಎಣಿಸಿದರಲ್ಲವೇ? ರಸೀದಿ ಕೊಡಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಲೆಕ್ಕವನ್ನು ಪ್ರತಿ ತಿಂಗಳು ಓದಿ ಹೇಳಿ. ಲೆಕ್ಕ ಬರೆಯುವ ಅಭ್ಯಾಸ ಬೀದಿಯ ಎಲ್ಲರಿಗಿಂತ ಹೆಚ್ಚು ನಿಮಗಿದೆ. ಈ ಜವಾಬ್ದಾರಿಯನ್ನು ಧೈರ್ಯವಾಗಿ ಕೇಳಿ ತೆಗೆದುಕೊಳ್ಳಿ.

5. ಆಮೇಲೆ ಹೆಸರು ಮಾಡಿ. ನಮ್ಮ ಕಡೆಯ ರಾಗಿ, ಸೊಪ್ಪು, ತರಕಾರಿ, ಹೂವು, ಹಾಲು, ಇವುಗಳಲ್ಲಿ ಯಾವುದರಿಂದ ನಿಮ್ಮ ಬೀದಿಗೆ ಹೆಸರು ಬರಬಹುದು? ತಿಂಗಳಿಗೆ ಒಂದು ದಿನ ಗೊತ್ತು ಮಾಡಿ. ರಾಗಿ ಹುರಿಹಿಟ್ಟು, ನಿಪ್ಪಟ್ಟು, ಉಪ್ಪಿನಕಾಯಿ ಮಾಡುವ ಸಂಘದವರು ಆ ದಿನ ಒಟ್ಟಿಗೆ ಕೂರಿ. ತಿನ್ನುವ ಪದಾರ್ಥ ಮಾರುವುದಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು, ಅದನ್ನು ಮೊದಲೇ ಮಾಡಿಸಿ.

ಮುಗಿಸುವ ಮುನ್ನ

ಸಹೋದರಿಯರೇ, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಸೇರಿಸಿ ಸಂಘ ಕಟ್ಟಿದವರು ನೀವು. ಶುರುವಿನಲ್ಲಿ "ಹೆಂಗಸರು ಏನ್ ಮಾಡ್ತಾರೆ?" ಅಂದವರೇ ಆಮೇಲೆ ಸಾಲಕ್ಕೆ ನಿಮ್ಮ ಹತ್ತಿರ ಬಂದರು. ಮನೆಯೊಳಗೆ ಕಲಿತ ಒಗ್ಗಟ್ಟನ್ನು ಈಗ ಬೀದಿಗೆ ತರಬೇಕಾಗಿದೆ. ಅಂಗಡಿ ದೊಡ್ಡದಿರಲಿ, ಬುಟ್ಟಿ ಚಿಕ್ಕದಿರಲಿ, ಸಂಜೆ ಮನೆಗೆ ಹೋಗುವಾಗ ಎರಡರಲ್ಲೂ ಮಕ್ಕಳ ಊಟದ ದುಡ್ಡು ಇರಬೇಕು. ದೇವರು ನಿಮ್ಮ ಪ್ರಯತ್ನವನ್ನು ಆಶೀರ್ವದಿಸಲಿ.

ಸಂಘದಲ್ಲಿ ಚರ್ಚೆಗೆ

1. ನಮ್ಮ ಊರಿನವರು ಯಾವ ಯಾವ ಸಾಮಾನಿಗೆ ಹೊಸಕೋಟೆಗೆ ಹೋಗುತ್ತಾರೆ? ಯಾಕೆ?
2. ನಮ್ಮ ಬೀದಿಯಲ್ಲಿ ಸಂಜೆ ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡಬಹುದೇ? ಇಲ್ಲವಾದರೆ ಏನು ಬದಲಾಗಬೇಕು?
3. ನಾಳೆ ರಸ್ತೆ ಅಗಲ ಮಾಡಿದರೆ ಮೊದಲು ಜಾಗ ಕಳೆದುಕೊಳ್ಳುವವರು ಯಾರು? ಅವರಲ್ಲಿ ನಮ್ಮ ಸದಸ್ಯೆಯರು ಎಷ್ಟು ಜನ?

ಈ ತಿಂಗಳ ಕೆಲಸ: ಬೀದಿ ನಡಿಗೆ ಮಾಡಿ, ಪಟ್ಟಿ ಬರೆದು, ಮುಂದಿನ ಸಭೆಗೆ ತನ್ನಿ. ಪಟ್ಟಿಯಲ್ಲಿ ಮೊದಲ ಸಾಲು ಬುಟ್ಟಿಯವರದಾಗಿರಲಿ.