ಹಿಕ್ಕೆ ನೋಡು, ನೀರು ಕುಡಿಸು

ಡಾಕ್ಟರು ಮೊಲವನ್ನು ಮನೆಗೆ ಕರೆದುಕೊಂಡು ಹೋಗಬಹುದು ಅಂದರಂತೆ, ಸಂತೋಷ. ಆದರೆ ಮಗಾ, ಗಂಡಾಂತರ ಪೂರ್ತಿ ಕಳೆಯಿತು ಅಂತ ಮಾತ್ರ ಅಂದುಕೊಳ್ಳಬೇಡ. ನಾಯಿಗೆ ಮೈ ಸರಿಯಿಲ್ಲದಿದ್ದರೆ ಒಂದು ದಿನ ಅನ್ನ ಬಿಟ್ಟು ಮಲಗುತ್ತದೆ, ಮಾರನೇ ದಿನ ತಾನೇ ಎದ್ದು ತಟ್ಟೆ ಹುಡುಕುತ್ತದೆ. ಮೊಲಕ್ಕೆ ಹಾಗೆ ಉಪವಾಸ ಮಾಡಿ ಗೊತ್ತಿಲ್ಲ. ಅದರ ಕರುಳು ಹಗಲೂ ರಾತ್ರಿ ಸಾಗುತ್ತಿರಬೇಕು. ಅರ್ಧ ದಿನ ಬಾಯಿಗೆ ಏನೂ ಹಾಕದೆ ಕೂತರೆ ಮತ್ತೆ ಆಸ್ಪತ್ರೆಗೆ ಓಡಬೇಕಾದ ಸ್ಥಿತಿಯೇ.

ಕರುಳು ಹೀಗೆ ಸಾಗಲು ನೀರು ಯಾಕೆ ಮುಖ್ಯ ಅಂದರೆ, ಮೊಲದ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ತಿಂದ ಹುಲ್ಲು ಅಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಹುದುಗುತ್ತದೆ. ಅದು ಸದಾ ಹಸಿಯಾಗಿರಬೇಕು. ಕುಡಿಯುವುದು ಕಡಿಮೆಯಾದರೆ ದೇಹ ಕರುಳಿನೊಳಗಿನ ನೀರನ್ನೇ ಹೀರಿಕೊಳ್ಳುತ್ತದೆ, ಒಳಗಿರುವುದು ತಪ್ಪಲೆಯ ತಳಕ್ಕೆ ಹಿಡಿದ ತಂಗಳು ಮುದ್ದೆಯಂತೆ ಗಟ್ಟಿಯಾಗುತ್ತದೆ. ಗ್ಯಾಸ್ ತುಂಬುತ್ತದೆ, ನೋಯುತ್ತದೆ. ನೋವಿಗೆ ತಿನ್ನುವುದಿಲ್ಲ, ತಿನ್ನದಿದ್ದಾಗ ಕುಡಿಯುವುದೂ ಇಲ್ಲ. ವಾಂತಿ ಮಾಡಿ ಹಗುರಾಗೋಣ ಅಂದರೆ ಮೊಲಕ್ಕೆ ವಾಂತಿಯೇ ಬರುವುದಿಲ್ಲ. ‘ಹೊಟ್ಟೆಯಲ್ಲಿ ಕೂದಲುಂಡೆ ಕಟ್ಟಿದೆ’ ಅನ್ನುವವರ ಮಾತನ್ನೂ ಪೂರ್ತಿ ನಂಬಬೇಡ. ಮೈ ನೆಕ್ಕುವ ಪ್ರಾಣಿಯ ಹೊಟ್ಟೆಯಲ್ಲಿ ಕೂದಲು ಇದ್ದೇ ಇರುತ್ತದೆ. ಕರುಳು ನಿಧಾನವಾಗಿ ನೀರಾರಿದಾಗಲೇ ಅದು ಸಾಮಾನ್ಯವಾಗಿ ಗಂಟು ಕಟ್ಟುವುದು.

ಎಷ್ಟು ನೀರು ಬೇಕು? ಆರೋಗ್ಯವಾಗಿರುವ ಮೊಲ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50ರಿಂದ 150 ಮಿಲಿಲೀಟರ್ ಕುಡಿಯುತ್ತದೆ. ನಿನ್ನದು ಎರಡು ಕಿಲೋ ಇದ್ದರೆ 100ರಿಂದ 300 ಅಂತ ಇಟ್ಟುಕೋ. ಬೆಳಿಗ್ಗೆ ಅಳೆದು ಹಾಕು, ಸಂಜೆ ಉಳಿದದ್ದನ್ನು ಅಳೆ. ಹಸಿ ಸೊಪ್ಪು ಚೆನ್ನಾಗಿ ತಿನ್ನುತ್ತಿದ್ದರೆ ಬಟ್ಟಲಿನ ನೀರು ಅಷ್ಟಾಗಿ ಇಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ.

ಪಂಜರಕ್ಕೆ ಸಿಕ್ಕಿಸಿದ ಬಾಟಲಿಯೊಂದನ್ನೇ ನಂಬಬೇಡ. ಅದರ ಗುಂಡನ್ನು ನಾಲಿಗೆಯಿಂದ ತಳ್ಳಿ ತಳ್ಳಿ ಹನಿ ಪಡೆಯಲು ಸುಸ್ತಾದ ಪ್ರಾಣಿಗೆ ತ್ರಾಣವಿರುವುದಿಲ್ಲ. ಮಗುಚದಂಥ ಭಾರದ ಪಿಂಗಾಣಿ ಬಟ್ಟಲನ್ನು ಅದು ಮಲಗುವ ಕಡೆಗೇ ಸರಿಸಿಡು. ಮೊಲ ತಲೆ ತಗ್ಗಿಸಿ ಕುಡಿಯುವ ಜೀವಿ, ಬಟ್ಟಲಿನಿಂದ ಹೆಚ್ಚು ಕುಡಿಯುತ್ತದೆ. ಆಪರೇಷನ್ ಆಗಿ ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿದ್ದರೆ ಮೂತಿ ನೀರಿಗೆ ತಾಗುತ್ತಿದೆಯೇ ನೋಡು. ತಾಗದಿದ್ದರೆ ಡಾಕ್ಟರನ್ನು ಕೇಳಿ, ನೀನು ಎದುರಿಗೆ ಕೂತಿರುವಷ್ಟು ಹೊತ್ತು ಬಿಚ್ಚು. ಔಷಧಿಯನ್ನು ಕುಡಿಯುವ ನೀರಿಗೆ ಬೆರೆಸಬೇಡ, ರುಚಿ ಕೆಟ್ಟರೆ ನೀರನ್ನೂ ಬಿಟ್ಟೀತು.

ಕೊತ್ತಂಬರಿ, ಪುದೀನ, ಗರಿಕೆ ಇವನ್ನು ಚೆನ್ನಾಗಿ ತೊಳೆದು ಒದರದೆ, ನೀರು ತೊಟ್ಟಿಕ್ಕುತ್ತಿರುವಾಗಲೇ ಮೂತಿಯ ಹತ್ತಿರ ಹಿಡಿ. ಎಲೆಯ ಮೇಲಿನ ಹನಿಯೂ ಲೆಕ್ಕಕ್ಕೆ ಬರುತ್ತದೆ. ಸೊಪ್ಪಿನ ರುಚಿಯೇ ಗೊತ್ತಿಲ್ಲದ ಮೊಲವಾದರೆ ಇವತ್ತೇ ಕಂತೆ ಹಾಕಬೇಡ, ಒಂದೆರಡು ಎಳೆ ಸಾಕು. ಒಣಹುಲ್ಲು ಮಾತ್ರ ಯಾವಾಗಲೂ ಎದುರಿಗಿರಲಿ.

ಇಷ್ಟಾದರೂ ಕುಡಿಯದಿದ್ದರೆ, ಡಾಕ್ಟರು ಒಪ್ಪಿದರೆ, ಸಿರಿಂಜ್. ಸೂಜಿ ತೆಗೆದ ಒಂದು ಮಿಲಿಯದು ಸಾಕು. ನೆಲದ ಮೇಲೆ ಕೂತು, ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ, ನಾಲ್ಕು ಕಾಲೂ ಊರಿರುವ ಹಾಗೆ ಮಡಿಲ ಹತ್ತಿರ ಇಟ್ಟುಕೋ. ಮುಂದಿನ ಬಾಚಿಹಲ್ಲಿಗೂ ಒಳಗಿನ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ, ತುಟಿಯ ಪಕ್ಕದಿಂದ ಅಲ್ಲಿಗೆ ತುದಿ ತೂರಿಸು. ನೇರ ಗಂಟಲಿಗಲ್ಲ. ಉಗುರುಬೆಚ್ಚಗಿನ ನೀರು ಅರ್ಧ ಮಿಲಿ ಬಿಡು, ದವಡೆ ಆಡಿಸಿ ನುಂಗುವವರೆಗೆ ಕೈ ತಡೆ, ಆಮೇಲೆ ಮತ್ತರ್ಧ. ಗಲ್ಲದಿಂದ ಸೋರತೊಡಗಿದರೆ ನೀನು ಅವಸರ ಮಾಡುತ್ತಿದ್ದೀಯ ಅಂತ ಅರ್ಥ. ಅಂಗಾತ ಮಲಗಿಸಿ, ಬಾಯಿ ಬಿಡಿಸಿ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಹೊಟ್ಟೆ ಉಬ್ಬಿ ಬಿಗಿದಿದ್ದರೆ, ಕಿವಿ ತಣ್ಣಗಾಗಿ ಮೈ ಜೋಲುತ್ತಿದ್ದರೆ ಸಿರಿಂಜ್ ಮುಟ್ಟಲೇಬೇಡ, ಬೆಚ್ಚಗೆ ಸುತ್ತಿಕೊಂಡು ಆಸ್ಪತ್ರೆಗೆ ಹೊರಡು. ಅಲ್ಲಿ ಹೆಗಲ ನಡುವಿನ ಸಡಿಲ ಚರ್ಮದಡಿ ಸಲೈನ್ ಕೊಡಬಹುದು. ಕೊಟ್ಟರೆ ಅಲ್ಲೊಂದು ಮೆತ್ತನೆಯ ಉಬ್ಬು ಕಾಣುತ್ತದೆ, ಕೆಲವು ಗಂಟೆಗಳಲ್ಲಿ ಕರಗುತ್ತದೆ.

ಎಳನೀರು ಕೊಡು, ಗ್ಲೂಕೋಸ್ ಹಾಕು, ಹಾಲು ಕುಡಿಸು ಅನ್ನುವವರು ಬಂದೇ ಬರುತ್ತಾರೆ. ತಲೆಯಾಡಿಸಿ ಕಳಿಸು. ಸಕ್ಕರೆಯಂಶ ಹೆಚ್ಚಾದರೆ ಸೀಕಮ್ಮಿನ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪುತ್ತದೆ. ನೀನು ದಿನಾ ಕೊಡುತ್ತಿದ್ದ ಶುದ್ಧ ನೀರೇ ಸಾಕು. ಸಕ್ಕರೆಗಿಂತ ದೊಡ್ಡ ಅಪಾಯ ಮೆಡಿಕಲ್ ಶಾಪಿನದು. ಮನುಷ್ಯರು ನುಂಗುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕೊಟ್ಟರೆ ಮೊಲ ಅದರಿಂದಲೇ ಸಾಯಬಹುದು, ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಜಾತಿಯ ಯಾವುದೂ ಅದಕ್ಕಾಗದು.

ಇನ್ನು ಹಿಕ್ಕೆ. ಅಸಹ್ಯಪಡಬೇಡ, ನಿನ್ನ ಕೈಯಲ್ಲಿರುವ ಅತ್ಯುತ್ತಮ ವರದಿ ಅದೇ. ದುಂಡಗೆ, ಒಂದೇ ಅಳತೆಗೆ, ಬೆರಳಲ್ಲಿ ಹಿಸುಕಿದರೆ ಹುಲ್ಲಿನ ಪುಡಿಯಾಗಿ ಉದುರಿದರೆ ಸರಿ. ಸಣ್ಣದಾಗಿ, ಕಪ್ಪಾಗಿ, ಕಲ್ಲಿನಷ್ಟು ಗಟ್ಟಿಯಾಗಿದ್ದರೆ ನೀರು ಸಾಲದು. ಬರುವುದೇ ನಿಂತರೆ ಬೆಳಗಾಗಲಿ ಎಂದು ಕಾಯಬೇಡ. ಮೂತ್ರ ಕೆಂಪಗೆ ಕಂಡರೆ ಒಮ್ಮೊಮ್ಮೆ ಅದು ಸೊಪ್ಪಿನ ಬಣ್ಣ, ಆದರೂ ಡಾಕ್ಟರಿಗೆ ತೋರಿಸು. ಸುಣ್ಣದ ಹಾಗೆ ದಪ್ಪಗೆ, ಮರಳು ಮರಳಾಗಿ ಬಂದರೆ ಕ್ಯಾಲ್ಸಿಯಂ ಕಟ್ಟುತ್ತಿದೆ, ಅದಕ್ಕೂ ನೀರೇ ಮುಖ್ಯ ಪರಿಹಾರ. ಒಸಡು ಮುಟ್ಟಿ ನೋಡು, ಜಾರಬೇಕು, ಅಂಟಬಾರದು.

ಏಪ್ರಿಲ್-ಮೇ ಬಿಸಿಲಿನಲ್ಲಿ ಇನ್ನೂ ಎಚ್ಚರ. ಮೊಲ ನಮ್ಮಂತೆ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಶಾಖ ಬಿಡುತ್ತದೆ. ಕೋಣೆ 30 ಡಿಗ್ರಿ ಮುಟ್ಟುವ ಮೊದಲೇ ಮಂಜುಗಡ್ಡೆಯ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡು.

ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗು. ತೂಕ, ಕುಡಿದ ನೀರು, ಹಿಕ್ಕೆ, ಮೂರನ್ನೂ ಬರೆದಿಟ್ಟು ತೋರಿಸಲು ಹೋಗುವಾಗ ಜೊತೆಗೆ ಒಯ್ಯು. ಬೆಂಗಳೂರಿನಲ್ಲಿದ್ದೀಯ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಮೊಲ ನೋಡಿ ಗೊತ್ತಿರುವ ವೈದ್ಯರು ರಾತ್ರಿ ಎಲ್ಲಿ ಸಿಗುತ್ತಾರೆ ಎಂದು ಇವತ್ತೇ ಫೋನ್ ಮಾಡಿ ಕೇಳಿ, ಫ್ರಿಜ್ಜಿನ ಮೇಲೆ ಬರೆದು ಅಂಟಿಸು.