ದತ್ತು ಮಗುವಿಗೆ ಸತ್ಯವನ್ನು ತಿಳಿಸುವ ಬಗೆ

ರಾಧೆ ಅಧಿರಥರು ಕರ್ಣನಿಗೆ ವಾತ್ಸಲ್ಯದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಆದರೂ ಕುಮಾರವ್ಯಾಸನ ಭಾರತದಲ್ಲಿ ಅವನು ತನ್ನ ಹುಟ್ಟಿನ ಗುಟ್ಟನ್ನು ಯುದ್ಧದ ಹೊಸ್ತಿಲಲ್ಲಿ, ಕೃಷ್ಣನ ಬಾಯಿಂದ ಕೇಳಿ ಕಣ್ಣೀರಿಡಬೇಕಾಯಿತು. ದತ್ತು ಮಕ್ಕಳನ್ನು ಹೆಚ್ಚಾಗಿ ನೋಯಿಸುವುದು ಸತ್ಯವಲ್ಲ. ಅದು ತಡವಾಗಿ, ಪರರ ಬಾಯಿಂದ ಬರುವ ರೀತಿ.

ಸಾಂತಾಕ್ರೂಜಿನ ಎರಡು ಕೋಣೆಗಳ ಬಿಡಾರದಲ್ಲಿ ಗುಟ್ಟು ಉಳಿಯುವುದೆಂತು? ಚಾಳಿನ ನೆರೆಯವರು ಬಲ್ಲರು, ಊರಿನ ಬಂಧುಗಳೂ ಬಲ್ಲರು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಮದುವೆಯ ಚಪ್ಪರದಲ್ಲಿ ಯಾರೋ "ಇವಳೇ ಏನು, ಸಾಕಿದ ಮಗು?" ಎಂದುಬಿಟ್ಟರೆ, ಆ ಕ್ಷಣ ಮಗು ಕಳೆದುಕೊಳ್ಳುವುದು ತಂದೆತಾಯಿಯರ ಮೇಲಿನ ನಂಬಿಕೆಯನ್ನೇ.

ಆದುದರಿಂದ ಬೇಗನೆ ಆರಂಭಿಸಬೇಕು. ಎರಡು ಮೂರು ವರ್ಷದ ಮಗುವಿಗೆ ಅದು ಮನೆಗೆ ಬಂದ ದಿನದ ಕತೆಯನ್ನು ಅಕ್ಕರೆಯಿಂದ ಹೇಳಿರಿ. 'ದತ್ತು' ಎಂಬ ಮಾತು ಕಿವಿಗೆ ಹಿತವಾಗಿ ಬೀಳಲಿ. ಈ ವಯಸ್ಸಿನಲ್ಲಿ ಅರ್ಥ ತಿಳಿಯದಿದ್ದರೂ ಚಿಂತೆಯಿಲ್ಲ. ಆರೇಳು ವರ್ಷಕ್ಕೆ, 'ನನ್ನನ್ನು ಪಡೆಯಲು ಇನ್ನೊಬ್ಬ ತಾಯಿ ನನ್ನನ್ನು ಬಿಟ್ಟಿರಬೇಕಲ್ಲವೇ?' ಎಂಬ ಅರಿವು ಮೂಡುತ್ತದೆ. ಮಗು ಆಗ ಮೌನವಾಗಬಹುದು, ಹಟಮಾಡಬಹುದು. ಅದು ಅಕೃತಜ್ಞತೆಯಲ್ಲ, ಅಗಲಿಕೆಯ ದುಃಖ. "ನಿನ್ನ ತಪ್ಪಿನಿಂದ ಹಾಗಾದುದಲ್ಲ" ಎಂದು ಸ್ಪಷ್ಟವಾಗಿ ಹೇಳಿರಿ. ಹೆತ್ತವರನ್ನು ಹಳಿಯಬೇಡಿ, ತಿಳಿಯದುದನ್ನು ಕಲ್ಪಿಸಿ ಹೇಳಬೇಡಿ. "ನಮಗೂ ತಿಳಿಯದು" ಎಂಬ ಉತ್ತರವೂ ಸತ್ಯವೇ.

ಹದಿಹರೆಯದಲ್ಲಿ ಪ್ರಶ್ನೆಗಳು ಹರಿತವಾಗುತ್ತವೆ. ವೈದ್ಯರು ವಂಶದ ಕಾಯಿಲೆಗಳನ್ನು ವಿಚಾರಿಸಿದಾಗ ಸಾಕಿದವರ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಬರೆಸುವುದು ಮಗುವಿನ ಆರೋಗ್ಯಕ್ಕೂ ಹಿತವಲ್ಲ. ದತ್ತಿನ ಕಾಗದಪತ್ರಗಳನ್ನು ಜೋಪಾನವಾಗಿಡಿ. 2022ರ ದತ್ತು ನಿಯಮಾವಳಿಯು ತನ್ನ ಮೂಲವನ್ನು ಅರಸಲು ಮಕ್ಕಳಿಗೆ ಅವಕಾಶ ನೀಡಿದೆ: 18 ವರ್ಷ ತುಂಬಿದವರು ತಾವೇ, ಅದಕ್ಕಿಂತ ಕಿರಿಯರು ತಂದೆತಾಯಿಯರೊಡನೆ ಅರ್ಜಿ ಸಲ್ಲಿಸಬಹುದು. ಹೆತ್ತವರ ಗೌಪ್ಯತೆಗೂ ಅಲ್ಲಿ ರಕ್ಷಣೆಯಿದೆ.

"ಹೆತ್ತ ತಾಯಿ ಯಾರು?" ಎಂದು ಮಗು ಕೇಳಿದರೆ ಅದು ನಿಮ್ಮನ್ನು ತೊರೆಯುತ್ತದೆ ಎಂದು ಅಂಜಬೇಡಿ. ನಿಮ್ಮಲ್ಲಿ ಭರವಸೆಯಿರುವುದರಿಂದಲೇ ಅದು ನಿಮ್ಮನ್ನು ಕೇಳುತ್ತಿದೆ. ಗೋಕುಲದ ಕೃಷ್ಣನಿಗೆ ದೇವಕಿ ತಾಯಿಯೆಂಬುದರಿಂದ ಯಶೋದೆಯ ತಾಯ್ತನಕ್ಕೆ ಎಳ್ಳಷ್ಟೂ ಕುಂದು ಬಂದಿಲ್ಲವಷ್ಟೆ!