ರಾತ್ರಿಯ ನೋವನ್ನು ಮೊದಲು ಹೇಳಿ

ಸೊಂಟನೋವೆಂದರೆ ಮಲಗಿದಾಗ ಕಡಿಮೆಯಾಗಬೇಕು ಎಂಬುದು ಎಲ್ಲರ ಲೆಕ್ಕ. ಬೆನ್ನುಮೂಳೆಯ ಉರಿಯೂತದ ಕಾಯಿಲೆಯಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವ ನನ್ನಂಥವರಿಗೆ ಅದು ತದ್ವಿರುದ್ಧ. ಬೆಳಗಿನ ಜಾವ ನೋವೇ ಎಬ್ಬಿಸುತ್ತಿತ್ತು. ಮಗ್ಗುಲು ಬದಲಿಸಲು ಮಂಚದ ಅಂಚು ಹಿಡಿಯಬೇಕಿತ್ತು. ಎದ್ದು ಹಜಾರದಲ್ಲಿ ನಾಲ್ಕು ಸುತ್ತು ಹಾಕಿದರೆ ಸೊಂಟ ಸಡಿಲವಾಗುತ್ತಿತ್ತು. "ಸುಮ್ನೆ ಮಲಗೋ, ಸರಿ ಹೋಗುತ್ತೆ" ಎನ್ನುತ್ತಿದ್ದರು ಅಮ್ಮ. ಮಲಗಿದಷ್ಟೂ ಬಿಗಿತ ಹೆಚ್ಚುತ್ತಿತ್ತು.

ಕೀಲುರೋಗ ತಜ್ಞರು (ರುಮಟಾಲಜಿಸ್ಟ್) ಮೊದಲು ಕೇಳಿದ್ದೇ ರಾತ್ರಿಯ ಬಗ್ಗೆ: "ನೋವಿಗೆ ಎಚ್ಚರ ಆಗುತ್ತಾ? ಎದ್ದು ಓಡಾಡಿದರೆ ಕಡಿಮೆ ಆಗುತ್ತಾ?" 40 ವರ್ಷದೊಳಗೆ ನಿಧಾನವಾಗಿ ಶುರುವಾಗಿ, ವಿಶ್ರಾಂತಿಗೆ ಬಗ್ಗದೆ ವ್ಯಾಯಾಮಕ್ಕೆ ತಗ್ಗುವ, ರಾತ್ರಿ ಕಾಡುವ ನೋವು ಉರಿಯೂತದ ಬೆನ್ನುನೋವಿನ ಗುರುತಂತೆ. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲುಗಳಲ್ಲಿ ಉರಿಯೂತ ಇರುವುದನ್ನು ಎಂಆರ್‌ಐ ತೋರಿಸಿತು.

ರಾತ್ರಿಯೇ ಏಕೆ? ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಕಾರ್ಟಿಸಾಲ್ ಹಾರ್ಮೋನು ನಡುರಾತ್ರಿಯ ಸುಮಾರಿಗೆ ತೀರಾ ಇಳಿದಿರುತ್ತದೆ. ಇತ್ತ ನಿದ್ದೆಗೆಟ್ಟರೆ ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6ರಂಥ ಅಂಶಗಳು ಏರಬಹುದು, ನೋವು ತಾಳುವ ಶಕ್ತಿಯೂ ಕುಗ್ಗುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟಿದ್ದಕ್ಕೆ ನೋವು ಹೆಚ್ಚುತ್ತದೆ. ಮರುದಿನದ ಸುಸ್ತನ್ನು ಕಂಡವರು ಸೋಮಾರಿತನ ಎಂದುಕೊಳ್ಳುತ್ತಾರೆ.

ನನಗೆ ಆದ ಅನುಕೂಲ ಸಣ್ಣ ಬದಲಾವಣೆಗಳಿಂದ. ನೋವಿನ ಮಾತ್ರೆಯನ್ನು ವೈದ್ಯರು ರಾತ್ರಿ ಊಟದ ನಂತರಕ್ಕೆ ಬದಲಿಸಿದರು. ಸಂಜೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ಆಮೇಲೆ ಬಿಸಿನೀರಿನ ಸ್ನಾನ. ನಡುವೆ ತಗ್ಗು ಬಿದ್ದಿದ್ದ ಹಾಸಿಗೆ ಹೋಗಿ ಗಟ್ಟಿಯದು ಬಂತು. ಎರಡು ದಿಂಬಿನ ಬದಲು ಒಂದೇ ತೆಳು ದಿಂಬು, ಏಕೆಂದರೆ ಕತ್ತು ಮುಂದಕ್ಕೆ ಬಾಗಿದ ಭಂಗಿಯಲ್ಲೇ ಬಿಗಿಯಬಾರದು. ಇಷ್ಟಾದರೂ ರಾತ್ರಿ ನೋವು ಎಬ್ಬಿಸುತ್ತಲೇ ಇದ್ದರೆ ರೋಗ ಹತೋಟಿಗೆ ಬಂದಿಲ್ಲದಿರಬಹುದು. ಅಂಥವರಲ್ಲಿ ಹಲವರಿಗೆ ಅಡಾಲಿಮುಮ್ಯಾಬ್‌ನಂಥ ಬಯೋಲಾಜಿಕ್ ಚುಚ್ಚುಮದ್ದಿನಿಂದ ನೋವಿನ ಜೊತೆ ನಿದ್ದೆಯೂ ಸುಧಾರಿಸುತ್ತದೆ. ನಿದ್ದೆ ಮಾತ್ರೆಯನ್ನು ತಾವೇ ತಂದು ನುಂಗುವುದು ಇದಕ್ಕೆ ಮದ್ದಲ್ಲ.

ಈ ಕಾಯಿಲೆಯ ತೀವ್ರತೆ ಅಳೆಯಲು ಇಂಗ್ಲೆಂಡಿನ ಬಾತ್ ನಗರದಲ್ಲಿ ರೂಪುಗೊಂಡು 1994ರಲ್ಲಿ ಪ್ರಕಟವಾದ 'ಬ್ಯಾಸ್‌ಡೈ' ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರ 6 ಪ್ರಶ್ನೆಗಳಲ್ಲಿ ಸುಸ್ತು, ನೋವು, ಬೆಳಗಿನ ಬಿಗಿತ ಎಲ್ಲವೂ ಇವೆ, ನಿದ್ದೆಯ ಬಗ್ಗೆ ಮಾತ್ರ ನೇರವಾಗಿ ಒಂದೂ ಇಲ್ಲ. ಆದ್ದರಿಂದ ಯಾರೂ ಕೇಳದಿದ್ದರೂ ನೀವೇ ಬಾಯಿಬಿಡಿ. ಎಷ್ಟು ಸಲ ಎಚ್ಚರವಾಯಿತು, ಎದ್ದ ಮೇಲೆ ಬೆನ್ನು ಸಡಿಲವಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಒಂದು ವಾರ ಬರೆದಿಟ್ಟು, ಮುಂದಿನ ಭೇಟಿಯಲ್ಲಿ ಆ ಚೀಟಿಯನ್ನೇ ವೈದ್ಯರ ಮುಂದಿಡಿ.